ಕೋಟೆಯ ಮಂಗಗಳನ್ನು ಹಿಡಿಸಿ ದೂರದ ಕಾಡಿಗೆ ಬಿಟ್ಟರೆ ಹಾವಳಿ ನಿಲ್ಲುತ್ತದೆಯೇ? ಸಂಶೋಧನೆ ಏನು ಹೇಳುತ್ತದೆ?

ಬುರುಜಿನ ಬೀದಿ (ಚಿತ್ರದುರ್ಗ)
ಕೋಟೆಗೆ ಹೊಂದಿಕೊಂಡಿರುವ ನಮ್ಮ ಬಡಾವಣೆಯಲ್ಲಿ ಮಂಗಗಳ ಕಾಟ ಹೆಚ್ಚಾಗಿದೆ. ಮನೆಗೆ ಇಷ್ಟೆಂದು ಹಣ ಕೂಡಿಸಿ, ಹಿಡಿಯುವವರನ್ನು ಕರೆಸಿ, ಅವುಗಳನ್ನು ಜೋಗಿಮಟ್ಟಿಗೋ ಅದಕ್ಕಿಂತ ದೂರದ ಕಾಡಿಗೋ ಬಿಟ್ಟು ಬರಬೇಕೆಂದು ಹಿರಿಯರು ಮಾತನಾಡಿಕೊಳ್ಳುತ್ತಿದ್ದಾರೆ. ಹಣ ಕೊಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಇದರಿಂದ ಪ್ರಯೋಜನವಾಗುತ್ತದೆ ಎಂಬುದಕ್ಕೆ ಆಧಾರವೇನು ಎಂದು ಕೇಳಿದರೆ ಯಾರೂ ಉತ್ತರ ಕೊಡುತ್ತಿಲ್ಲ. ಮಂಗಗಳ ನಡವಳಿಕೆಯ ಮೇಲೆ ನಮ್ಮ ದೇಶದಲ್ಲಿಯೇ ಬಹಳ ಅಧ್ಯಯನಗಳಾಗಿವೆ ಎಂದು ಕೇಳಿದ್ದೇನೆ. ಬಿಟ್ಟುಬಂದ ಗುಂಪು ಅಲ್ಲಿ ನೆಲೆ ನಿಲ್ಲುತ್ತದೆಯೇ? ಇಲ್ಲಿ ತೆರವಾದ ಜಾಗ ಹಾಗೆಯೇ ಉಳಿಯುತ್ತದೆಯೇ? ಮಂಗ ಹಲ್ಲು ಕಿರಿದಾಗ ನಾವೂ ನಕ್ಕರೆ ಅದು ಮೈಮೇಲೆ ಬರುತ್ತದೆ ಎನ್ನುತ್ತಾರಲ್ಲ, ಅದು ನಿಜವೇ? ತಿಳಿದವರು ತಿಳಿಸಬೇಕು.

ಮಂಡಕ್ಕಿ ಮೆಣಸಿನಕಾಯಿ (ದಾವಣಗೆರೆ)
ಮಂಗವನ್ನು ಓಡಿಸುವುದಕ್ಕೂ ಸಂಶೋಧನೆ ಬೇಕೇ ಸರ್? ಹಿಡಿಸಿ, ಬಿಡಿಸಿ, ನೆಮ್ಮದಿಯಾಗಿರಿ.

ಬದುವಿನ ಮೇಲೆ (ಹೊಳಲ್ಕೆರೆ ತಾಲ್ಲೂಕು)
ಪೇಟೆಯವರು ಸುಲಭವಾಗಿ ಹೇಳುವ ಆ ‘ದೂರದ ಕಾಡು’ ಎಲ್ಲಿದೆ ಎಂದು ನನಗೆ ಗೊತ್ತಿದೆ ಸ್ವಾಮಿ. ಅದು ನಮ್ಮ ಹೊಲದ ಬದು. ರಾತ್ರಿ ಒಂದು ವಾಹನ ಬಂದು ಹೋಗುತ್ತದೆ, ಮರುದಿನ ನಮ್ಮ ಮೆಕ್ಕೆಜೋಳದಲ್ಲಿ ಮನುಷ್ಯರಿಗೆ ಸ್ವಲ್ಪವೂ ಹೆದರದ ಹೊಸ ಮಂಗಗಳು ಕಾಣಿಸಿಕೊಳ್ಳುತ್ತವೆ. ಕಾಡಿನಲ್ಲಿ ಹುಟ್ಟಿ ಬೆಳೆದ ಮಂಗ ಮನುಷ್ಯನನ್ನು ಕಂಡರೆ ಮರ ಹತ್ತುತ್ತದೆ, ನೀವು ಸಾಕಿ ಬೆಳೆಸಿದ ಮಂಗ ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಬರುತ್ತದೆ. ನಿಮ್ಮ ಸಭೆಯಲ್ಲಿ ಈ ಮಾತನ್ನೂ ದಯವಿಟ್ಟು ಹೇಳಿ.

ಚಂದ್ರವಳ್ಳಿ (ಪ್ರಾಣಿಶಾಸ್ತ್ರ ಉಪನ್ಯಾಸಕಿ)
ಹೊಳಲ್ಕೆರೆಯ ಅಣ್ಣನವರು ಹೇಳಿದ್ದು ಸರಿಯಾಗಿದೆ. ಅದು ಹಾಗೇಕೆ ಆಗುತ್ತದೆ ಎಂಬುದನ್ನು ಜೀವಶಾಸ್ತ್ರದ ಕಡೆಯಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೋಟೆಯಲ್ಲಿರುವುದು ಬಾನೆಟ್ ಮಕಾಕ್ ಎಂಬ ಜಾತಿ, ವೈಜ್ಞಾನಿಕ ಹೆಸರು ಮಕಾಕಾ ರೇಡಿಯೇಟಾ. ತಲೆಯ ಮೇಲೆ ನಡುವಿನಿಂದ ಸುತ್ತಲೂ ಹರಡಿ ಟೋಪಿ ಇಟ್ಟಂತೆ ಕಾಣುವ ಕೂದಲು ಮತ್ತು ಉದ್ದನೆಯ ಬಾಲ ಇದರ ಗುರುತು. ಇದು ದಕ್ಷಿಣ ಭಾರತದಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಇಲ್ಲ. ಟಿವಿಯಲ್ಲಿ ದೆಹಲಿಯ ಮಂಗಗಳೆಂದು ತೋರಿಸುವುದು ರೀಸಸ್ ಎಂಬ ಬೇರೆ ಜಾತಿಯನ್ನು.

ಈ ಮಂಗಗಳ ಗುಂಪಿಗೆ ಬೆನ್ನೆಲುಬು ಹೆಣ್ಣುಗಳು. ಹೆಣ್ಣು ಹುಟ್ಟಿದ ಗುಂಪಿನಲ್ಲಿಯೇ ಸಾಯುವವರೆಗೆ ಉಳಿಯುತ್ತದೆ. ತಾಯಿ, ಮಗಳು, ಮೊಮ್ಮಗಳು, ಚಿಕ್ಕಮ್ಮಂದಿರು ಒಟ್ಟಿಗೆ ಇರುತ್ತಾರೆ, ಅವರ ನಡುವೆ ಯಾರು ಮೇಲು ಯಾರು ಕೆಳಗು ಎಂಬ ಸಾಲು ವರ್ಷಗಟ್ಟಲೆ ಬದಲಾಗುವುದಿಲ್ಲ. ಗಂಡುಗಳು ಮಾತ್ರ ಪ್ರಾಯಕ್ಕೆ ಬಂದ ಮೇಲೆ ಗುಂಪು ಬಿಟ್ಟು ಬೇರೆ ಗುಂಪು ಸೇರುತ್ತವೆ. ಬೋನು ಇಟ್ಟು ಹಿಡಿಯುವವರು ಇದನ್ನು ನೋಡುವುದಿಲ್ಲ. ಸಿಕ್ಕಷ್ಟನ್ನು ತುಂಬಿಕೊಂಡು ಹೋದಾಗ ತಾಯಿ ಅಲ್ಲಿ, ಮರಿ ಇಲ್ಲಿ ಎಂಬಂತಾಗುತ್ತದೆ. ಹೀಗೆ ಒಡೆದ ಗುಂಪಿಗೆ ಹೊಸ ಜಾಗದಲ್ಲಿ ನೀರು ಎಲ್ಲಿದೆ, ಯಾವ ಮರ ಯಾವ ತಿಂಗಳಲ್ಲಿ ಹಣ್ಣು ಬಿಡುತ್ತದೆ, ಅಲ್ಲಿ ಮೊದಲೇ ಇರುವ ಗುಂಪಿನ ಗಡಿ ಯಾವುದು ಎಂಬ ಯಾವ ತಿಳಿವಳಿಕೆಯೂ ಇರುವುದಿಲ್ಲ. ಅದಕ್ಕೆ ಗೊತ್ತಿರುವ ಆಹಾರದ ಗುರುತು ಮನುಷ್ಯನೊಬ್ಬನೇ ಆದ್ದರಿಂದ ಅದು ಹತ್ತಿರದ ಊರಿನ ದಾರಿ ಹಿಡಿಯುತ್ತದೆ. ಇತ್ತ ಕೋಟೆಯಲ್ಲಿ ಎಂಜಲು, ಕಸದ ತೊಟ್ಟಿ, ಭಕ್ತರು ಕೊಡುವ ಬಾಳೆಹಣ್ಣು ಎಲ್ಲವೂ ಹಾಗೆಯೇ ಇರುವುದರಿಂದ ಪಕ್ಕದ ಗುಂಪು ಆ ಜಾಗಕ್ಕೆ ಬರುತ್ತದೆ.

ಇನ್ನೊಂದು ವಿಷಯ: ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ ಪ್ರಕಾರ ಇವುಗಳನ್ನು ಹಿಡಿದು ಸಾಗಿಸುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬಡಾವಣೆಯವರು ಹಣ ಕೂಡಿಸಿದ ಮಾತ್ರಕ್ಕೆ ಅದು ಕಾನೂನುಬದ್ಧವಾಗುವುದಿಲ್ಲ.

ಮಂಡಕ್ಕಿ ಮೆಣಸಿನಕಾಯಿ (ದಾವಣಗೆರೆ)
ಮೇಡಂ, ಮಂಗಗಳಿಗೆ ಕಲಿಸಿದರೆ ಕಲಿಯುತ್ತವೆ ಎಂಬುದಕ್ಕೆ ಪ್ರಸಿದ್ಧ ಪ್ರಯೋಗವೇ ಇದೆ. ಐದು ಮಂಗಗಳನ್ನು ಒಂದು ಕೋಣೆಯಲ್ಲಿ ಕೂಡಿ, ಏಣಿಯ ಮೇಲೆ ಬಾಳೆಹಣ್ಣು ಇಟ್ಟು, ಒಂದು ಮಂಗ ಏಣಿ ಹತ್ತಿದಾಗಲೆಲ್ಲ ಉಳಿದವುಗಳ ಮೇಲೆ ತಣ್ಣೀರು ಸುರಿದರಂತೆ. ಆಮೇಲೆ ಒಂದೊಂದನ್ನಾಗಿ ಬದಲಾಯಿಸಿದರೂ, ನೀರನ್ನೇ ಕಾಣದ ಹೊಸ ಮಂಗಗಳು ಕೂಡ ಏಣಿ ಹತ್ತುವವನನ್ನು ಹೊಡೆಯುತ್ತಿದ್ದವಂತೆ. ಕೋಟೆಯಲ್ಲಿಯೂ ಹಾಗೆ ಎರಡು ತಿಂಗಳು ನೀರು ಹಾರಿಸಿದರೆ ಮುಂದಿನ ಪೀಳಿಗೆಯೂ ಹತ್ತಿರ ಬರುವುದಿಲ್ಲ.

ಚಂದ್ರವಳ್ಳಿ (ಪ್ರಾಣಿಶಾಸ್ತ್ರ ಉಪನ್ಯಾಸಕಿ)
ಆ ಪ್ರಯೋಗ ನಡೆದೇ ಇಲ್ಲ. ಆಡಳಿತ ತರಬೇತಿಯವರು ಹೇಳುತ್ತ ಹೇಳುತ್ತ ಅದು ವಾಟ್ಸಾಪ್‌ಗೆ ಬಂದಿದೆ. ಅದಕ್ಕೆ ಸ್ವಲ್ಪ ಹತ್ತಿರವಾದದ್ದು ಸ್ಟೀಫನ್‌ಸನ್ ಎಂಬವರು 1967ರಲ್ಲಿ ರೀಸಸ್ ಮಂಗಗಳ ಮೇಲೆ ಮಾಡಿದ ಅಧ್ಯಯನ. ಅದರಲ್ಲಿ ಏಣಿಯೂ ಇಲ್ಲ, ಬಾಳೆಹಣ್ಣೂ ಇಲ್ಲ, ತಣ್ಣೀರೂ ಇಲ್ಲ. ಒಂದು ವಸ್ತುವನ್ನು ಮುಟ್ಟಿದರೆ ರಭಸದಿಂದ ಗಾಳಿ ಬೀಸುವಂತೆ ಮಾಡಿ, ಹೆದರಿದ ಮಂಗವನ್ನು ಹೊಸ ಮಂಗದ ಜೊತೆ ಬಿಟ್ಟು ನೋಡಿದ್ದರು. ಐದು ಮಂಗಗಳ ಪರಂಪರೆ ಎಂಬುದು ಆಮೇಲೆ ಸೇರಿಸಿದ ಕಥೆ.

ಮಂಡಕ್ಕಿ ಮೆಣಸಿನಕಾಯಿ (ದಾವಣಗೆರೆ)
ಕಥೆಯಾದರೂ ತಾತ್ಪರ್ಯ ಚೆನ್ನಾಗಿದೆಯಲ್ಲ.

ಹರಿಹರದ ಸೇತುವೆ
ತಾತ್ಪರ್ಯ ಚೆನ್ನಾಗಿದ್ದರೆ ಪುರಾಣ ಎನ್ನಿ, ಪ್ರಯೋಗ ಎನ್ನಬೇಡಿ. ಮಂಗಗಳು ಒಂದರಿಂದ ಒಂದು ಕಲಿಯುತ್ತವೆ ಎಂಬುದಕ್ಕೆ ನಿಜವಾದ ದಾಖಲೆಯೇ ಇರುವಾಗ ಸುಳ್ಳಿನ ಹಂಗೇಕೆ? ಜಪಾನಿನ ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಇಮೋ ಎಂದು ಹೆಸರಿಟ್ಟ ಒಂದೂವರೆ ವರ್ಷದ ಹೆಣ್ಣು ಮರಿ ಮರಳು ಹತ್ತಿದ ಸಿಹಿಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಅದನ್ನು ಮೊದಲು ಕಲಿತದ್ದು ಅದರ ಜೊತೆ ಆಡುತ್ತಿದ್ದ ಮರಿಗಳು ಮತ್ತು ಅದರ ತಾಯಿ. ವಯಸ್ಸಾದ ಗಂಡುಗಳು ಬಹುಮಟ್ಟಿಗೆ ಕಲಿಯಲೇ ಇಲ್ಲ. ಇದರ ಬಗ್ಗೆಯೂ ‘ನೂರನೆಯ ಮಂಗ ಕಲಿತ ಕೂಡಲೇ ಬೇರೆ ದ್ವೀಪಗಳ ಮಂಗಗಳಿಗೂ ತಾನಾಗಿ ವಿದ್ಯೆ ಬಂದಿತು’ ಎಂಬ ಬಾಲ ಸೇರಿಕೊಂಡಿದೆ. ಅದೂ ಸುಳ್ಳೇ.

ಬುರುಜಿನ ಬೀದಿ (ಚಿತ್ರದುರ್ಗ)
ಎಲ್ಲರಿಗೂ ಧನ್ಯವಾದಗಳು. ಆದರೆ ಹಲ್ಲು ಕಿರಿಯುವ ಪ್ರಶ್ನೆಗೆ ಉತ್ತರ ಬಂದಿಲ್ಲ. ನಮ್ಮ ಮಕ್ಕಳಿಗೆ ಅದೇ ಮುಖ್ಯವಾಗಿದೆ.

ಚಂದ್ರವಳ್ಳಿ (ಪ್ರಾಣಿಶಾಸ್ತ್ರ ಉಪನ್ಯಾಸಕಿ)
ತುಟಿ ಹಿಂದಕ್ಕೆಳೆದು ಹಲ್ಲು ತೋರಿಸುವುದು ಈ ಜಾತಿಯಲ್ಲಿ ಸಾಮಾನ್ಯವಾಗಿ ಹೆದರಿಕೆಯ ಅಥವಾ ಶರಣಾಗತಿಯ ಗುರುತು. ಸಿಟ್ಟಿನ ಗುರುತು ಬೇರೆ. ಕಣ್ಣರಳಿಸಿ ನೆಟ್ಟಗೆ ನೋಡುವುದು, ಹುಬ್ಬು ಮೇಲಕ್ಕೆ ಎಳೆಯುವುದು, ಹಲ್ಲು ಕಾಣದಂತೆ ಬಾಯಿಯನ್ನು ದುಂಡಗೆ ತೆರೆಯುವುದು, ತಲೆಯನ್ನು ಮುಂದಕ್ಕೆ ಚಾಚುವುದು, ಇವು ಬೆದರಿಕೆಗಳು. ಆದ್ದರಿಂದ ನಕ್ಕರೆ ಮೈಮೇಲೆ ಬರುತ್ತದೆ ಎಂಬುದಕ್ಕಿಂತ ದುರುಗುಟ್ಟಿ ನೋಡಿದರೆ ಬರುತ್ತದೆ ಎಂದು ಮಕ್ಕಳಿಗೆ ಹೇಳಿ. ಮಂಗದ ಕಣ್ಣಿಗೆ ಕಣ್ಣಿಟ್ಟು ಮೊಬೈಲ್ ಹಿಡಿದು ಫೋಟೊ ತೆಗೆಯುವವರು ತಮಗೆ ಗೊತ್ತಿಲ್ಲದೆಯೇ ಅದನ್ನು ಜಗಳಕ್ಕೆ ಕರೆಯುತ್ತಿರುತ್ತಾರೆ. ಮರಿಗಳು ಹೆಚ್ಚಾಗಿ ಹುಟ್ಟುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಆ ತಿಂಗಳುಗಳಲ್ಲಿ ತಾಯಂದಿರ ಹತ್ತಿರ ಸುಳಿಯಲೇಬಾರದು.

ಕಚ್ಚಿದರೆ ಅಥವಾ ಪರಚಿದರೆ ಅರಿಶಿನ ಮೆತ್ತಿಕೊಂಡು ಕೂರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ಕೇಳಬೇಕು.

ಒನಕೆ ಕಿಂಡಿ
ಫೋಟೊ ಎಂದಾಗ ನೆನಪಾಯಿತು. ಕೋಟೆಯ ಮಂಗಗಳು ಬರೀ ತಿಂಡಿ ಕಸಿಯುವುದಿಲ್ಲ, ಕನ್ನಡಕ ಮತ್ತು ನೀರಿನ ಬಾಟಲಿಯನ್ನೂ ಕಸಿಯುತ್ತವೆ. ಕಡಲೆಕಾಯಿ ಪೊಟ್ಟಣ ಎಸೆದರೆ ಕನ್ನಡಕ ಕೆಳಗೆ ಬೀಳುತ್ತದೆ. ಇದು ಬುದ್ಧಿಯೋ ಆಕಸ್ಮಿಕವೋ?

ಹರಿಹರದ ಸೇತುವೆ
ಬುದ್ಧಿಯೇ. ಇಂಡೋನೇಷ್ಯಾದ ಬಾಲಿ ದ್ವೀಪದ ಉಲುವಾಟು ದೇವಸ್ಥಾನದ ಉದ್ದ ಬಾಲದ ಮಕಾಕ್‌ಗಳ ಮೇಲೆ ಇದೇ ವಿಷಯವಾಗಿ ಅಧ್ಯಯನ ನಡೆದಿದೆ. ಅವು ಪ್ರವಾಸಿಗರ ವಸ್ತು ಕಸಿದು, ತಿಂಡಿ ಕೊಟ್ಟರೆ ಮಾತ್ರ ಹಿಂದಿರುಗಿಸುತ್ತವೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜನ ಯಾವ ವಸ್ತುವಿಗೆ ಹೆಚ್ಚು ಬೆಲೆ ಕೊಡುತ್ತಾರೆಂಬುದನ್ನು ಪ್ರಾಯದ ಮಂಗಗಳು ಅರಿತು ಅಂಥದ್ದನ್ನೇ ಆರಿಸಿಕೊಳ್ಳುತ್ತವೆ, ಮರಿಗಳಿಗೆ ಇನ್ನೂ ಆ ಲೆಕ್ಕ ಬಂದಿರುವುದಿಲ್ಲ ಎಂದು ಕಂಡುಬಂದಿದೆ. ವರ್ಷಗಳ ಅನುಭವದಿಂದ ಬರುವ ವ್ಯಾಪಾರ ಅದು. ನೀವು ಎಸೆದ ಪ್ರತಿಯೊಂದು ಪೊಟ್ಟಣವೂ ಆ ವ್ಯಾಪಾರಕ್ಕೆ ಬಂಡವಾಳ.

ಚಂದ್ರವಳ್ಳಿ (ಪ್ರಾಣಿಶಾಸ್ತ್ರ ಉಪನ್ಯಾಸಕಿ)
ಬಾಲಿಯವರೆಗೆ ಹೋಗುವುದೇ ಬೇಡ, ನಮ್ಮ ಬಂಡೀಪುರದ ಬಾನೆಟ್ ಮಕಾಕ್‌ಗಳೇ ಸಾಕು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಅವರ ಸಹೋದ್ಯೋಗಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಕೆಲವು ಮಂಗಗಳು ಪ್ರವಾಸಿಗರ ಮುಂದೆ ಕೈ ಚಾಚಿ, ಮೆಲ್ಲಗೆ ಕೂಗಿ ಆಹಾರ ಕೇಳುವುದನ್ನು ದಾಖಲಿಸಿದ್ದಾರೆ. ಎದುರಿಗಿರುವವರು ತಮ್ಮ ಕಡೆ ನೋಡುತ್ತಿದ್ದಾರೆಯೇ ಎಂಬುದನ್ನು ಗಮನಿಸಿ ಕೇಳುತ್ತವೆ, ಸಿಗುವವರೆಗೆ ಬಿಡುವುದಿಲ್ಲ. ಅಂದರೆ ಅದು ಉದ್ದೇಶಪೂರ್ವಕ ಸಂವಹನ ಎಂಬುದು ಅವರ ವಾದ.

ನನಗೆ ಅದಕ್ಕಿಂತ ಮುಖ್ಯವೆಂದು ತೋರುವುದು ಅದೇ ತಂಡದ ಹಳೆಯ ಕೆಲಸ. ಬಾನೆಟ್ ಮಕಾಕ್‌ಗಳ ಗುಂಪಿನಲ್ಲಿ ಸಹಜವಾಗಿ ಹಲವು ಗಂಡುಗಳು ಇರುತ್ತವೆ, ಅವುಗಳ ನಡುವೆ ಸಲಿಗೆಯೂ ಹೆಚ್ಚು. ಆದರೆ ಬಂಡೀಪುರ ಮತ್ತು ಮುದುಮಲೆಯಲ್ಲಿ, ಪ್ರವಾಸಿಗರು ತಿಂಡಿ ಹಾಕುವ ರಸ್ತೆಗಳ ಅಂಚಿನಲ್ಲಿ, ಒಂದೇ ಗಂಡಿರುವ ಸಣ್ಣ ಗುಂಪುಗಳು ಕಾಣಿಸಿಕೊಂಡವು. ಆಹಾರ ಒಂದೇ ಕಡೆ ರಾಶಿಯಾಗಿ ಸಿಗುವಾಗ ಅದನ್ನೂ ಹೆಣ್ಣುಗಳನ್ನೂ ಒಂದು ಗಂಡು ಕಾದುಕೊಳ್ಳಬಲ್ಲದು. ಕಾರಿನ ಕಿಟಕಿಯಿಂದ ಬೀಳುವ ಬಿಸ್ಕತ್ತು ಒಂದು ಪ್ರಾಣಿಯ ಸಮಾಜದ ಕಟ್ಟಡವನ್ನೇ ಬದಲಾಯಿಸುತ್ತದೆ ಎಂದರೆ ಬಹಳ ಜನ ನಂಬುವುದಿಲ್ಲ.

ಸೂಳೆಕೆರೆ ಏರಿ (ಚನ್ನಗಿರಿ)
ಎಲ್ಲರೂ ಕೆಂಪು ಮುಖದವುಗಳ ಬಗ್ಗೆಯೇ ಹೇಳುತ್ತಿದ್ದೀರಿ. ನಮ್ಮ ಕಡೆ ಅಡಿಕೆ ತೋಟಗಳಿಗೆ ಬರುವ ಕಪ್ಪು ಮುಖದ ಮುಸುವಗಳ ಕಥೆಯೇ ಬೇರೆ. ಅವುಗಳಲ್ಲಿ ಹೊಸ ಗಂಡು ಬಂದು ಮರಿಗಳನ್ನು ಕೊಲ್ಲುವುದನ್ನು ನಮ್ಮ ತಂದೆಯವರು ಕಂಡಿದ್ದರು. ಅವರು ಅದನ್ನು ‘ಮುಸುವಕ್ಕೆ ಹುಚ್ಚು ಹಿಡಿದಿತ್ತು’ ಎಂದೇ ಹೇಳುತ್ತಿದ್ದರು.

ಚಂದ್ರವಳ್ಳಿ (ಪ್ರಾಣಿಶಾಸ್ತ್ರ ಉಪನ್ಯಾಸಕಿ)
ನಿಮ್ಮ ತಂದೆಯವರು ಕಂಡದ್ದನ್ನು ಜಗತ್ತಿಗೆ ಮೊದಲು ವೈಜ್ಞಾನಿಕವಾಗಿ ವರದಿ ಮಾಡಿದ್ದು ನಮ್ಮ ಧಾರವಾಡದ ಕಾಡಿನಿಂದಲೇ. ಜಪಾನಿನ ಯುಕಿಮಾರು ಸುಗಿಯಾಮಾ 1961ರಿಂದ 1963ರವರೆಗೆ ಅಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದರು. ಹೊರಗಿನ ಗಂಡುಗಳು ಗುಂಪಿನ ಯಜಮಾನನನ್ನು ಓಡಿಸಿದ ಮೇಲೆ, ಅವುಗಳಲ್ಲಿ ಒಂದು ಗಂಡು ಉಳಿದು, ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಂದದ್ದನ್ನು ಅವರು 1965ರಲ್ಲಿ ಪ್ರಕಟಿಸಿದರು. ಆಗ ಬಹಳ ಜನ ವಿಜ್ಞಾನಿಗಳು ಅದನ್ನು ನಿಮ್ಮ ತಂದೆಯವರಂತೆಯೇ ಹುಚ್ಚು ಎಂದೋ, ಇಕ್ಕಟ್ಟಿನಲ್ಲಿ ಬದುಕುವುದರಿಂದ ಬಂದ ವಿಕೃತಿ ಎಂದೋ ತಿಳಿದರು.

ಅಮೆರಿಕದ ಸಾರಾ ಹರ್ಡಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ 1970ರ ದಶಕದಲ್ಲಿ ಕೆಲಸ ಮಾಡಿ ಬೇರೆ ಅರ್ಥ ಕೊಟ್ಟರು. ಹಾಲುಣಿಸುತ್ತಿರುವ ಹೆಣ್ಣು ಬೆದೆಗೆ ಬರುವುದು ತಡವಾಗುತ್ತದೆ. ಮರಿ ಸತ್ತರೆ ಬೇಗ ಬರುತ್ತದೆ. ಗುಂಪಿನ ಯಜಮಾನಿಕೆ ಕೆಲವೇ ವರ್ಷ ಉಳಿಯುವುದರಿಂದ, ಬೇರೆಯವನ ಮರಿ ದೊಡ್ಡದಾಗುವವರೆಗೆ ಕಾಯುವ ಗಂಡಿಗೆ ತನ್ನ ಸಂತಾನ ಬಿಡುವ ಅವಕಾಶ ಕಡಿಮೆ. ಕ್ರೂರವಾದರೂ ಅದರ ಹಿಂದೆ ಲೆಕ್ಕವಿದೆ ಎಂಬುದು ಅವರ ವಾದ.

ಹರಿಹರದ ಸೇತುವೆ
ಮೇಡಂ, ಇದು ಒಂದು ವಾದ ಮಾತ್ರ. ಮುಸುವಗಳನ್ನೇ ಅಧ್ಯಯನ ಮಾಡಿದ ಫಿಲಿಸ್ ಡೊಲಿನೋ ಅವರಂಥವರು ಇದನ್ನು ಒಪ್ಪಲಿಲ್ಲ. ಕೊಂದದ್ದನ್ನು ಕಣ್ಣಾರೆ ಕಂಡ ಪ್ರಸಂಗಗಳು ಕಡಿಮೆ ಎಂಬುದು ಅವರ ಆಕ್ಷೇಪವಾಗಿತ್ತು. ಅದನ್ನೂ ಹೇಳಬೇಕು.

ಚಂದ್ರವಳ್ಳಿ (ಪ್ರಾಣಿಶಾಸ್ತ್ರ ಉಪನ್ಯಾಸಕಿ)
ಆ ಆಕ್ಷೇಪ ಅಂದಿಗೆ ನ್ಯಾಯವಾಗಿತ್ತು. ಆದರೆ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷಿಸಿದ ಅಧ್ಯಯನ 1999ರಲ್ಲಿ ಬಂದ ಮೇಲೆ ಅದರ ಬಲ ಕಡಿಮೆಯಾಗಿದೆ. ಅಲ್ಲಿ ಮರಿಗಳ ಮೇಲೆ ಬಿದ್ದ ಯಾವ ಗಂಡೂ ಆ ಮರಿಯ ತಂದೆಯಾಗಿರಲಿಲ್ಲ. ಹುಚ್ಚು ಹಿಡಿದವನಿಗೆ ತನ್ನ ಮರಿ, ಪರರ ಮರಿ ಎಂಬ ಭೇದವಿರುತ್ತದೆಯೇ?

ಚನ್ನಗಿರಿಯವರಿಗೆ ಇನ್ನೊಂದು ಮಾತು. ಮುಸುವದ ಹೊಟ್ಟೆ ಕೋತಿಯ ಹೊಟ್ಟೆಯಂತಲ್ಲ. ಅದರಲ್ಲಿ ಹಲವು ಅರೆಗಳಿದ್ದು, ಬ್ಯಾಕ್ಟೀರಿಯಗಳು ಎಲೆಯನ್ನು ಹುದುಗಿಸಿದ ಮೇಲೆಯೇ ಜೀರ್ಣವಾಗುತ್ತದೆ. ಆ ಬ್ಯಾಕ್ಟೀರಿಯಗಳನ್ನು ಅರಗಿಸಿಕೊಳ್ಳುವ ಲೈಸೊಜೈಮ್ ಎಂಬ ಕಿಣ್ವ ಹಸುವಿನಲ್ಲಿಯೂ ಮುಸುವದಲ್ಲಿಯೂ ಬೇರೆ ಬೇರೆಯಾಗಿ ವಿಕಾಸಗೊಂಡು ಒಂದೇ ರೀತಿಯ ಬದಲಾವಣೆಗಳನ್ನು ಪಡೆದಿದೆ. ಕೋತಿಗಿರುವ ಕೆನ್ನೆಯ ಚೀಲ ಮುಸುವಕ್ಕೆ ಇಲ್ಲ. ಆದ್ದರಿಂದ ಹನುಮಪ್ಪನೆಂದು ಭಕ್ತಿಯಿಂದ ಬ್ರೆಡ್ಡು, ಸಿಹಿತಿಂಡಿ ಕೊಡುವುದು ಅದರ ಹೊಟ್ಟೆಗೆ ಉಪಕಾರವಲ್ಲ.

ಬದುವಿನ ಮೇಲೆ (ಹೊಳಲ್ಕೆರೆ ತಾಲ್ಲೂಕು)
ಹೊಟ್ಟೆಯ ವಿಷಯ ಬಂದಿತು, ನಮ್ಮ ಹೊಟ್ಟೆಯ ವಿಷಯ ಬರಲಿಲ್ಲ. ಮಂಗಗಳ ತಲೆ, ಹೊಟ್ಟೆ, ಬಾಲ ಎಲ್ಲವನ್ನೂ ಅಧ್ಯಯನ ಮಾಡಿದ್ದೀರಿ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಅವುಗಳನ್ನು ಹೊಲದಿಂದ ದೂರವಿಡುವುದು ಹೇಗೆ ಎಂದು ಒಬ್ಬರಾದರೂ ಕಂಡುಹಿಡಿದಿದ್ದಾರೆಯೇ? ಪಟಾಕಿ ಮೂರು ದಿನ ನಡೆಯುತ್ತದೆ, ನಾಲ್ಕನೆಯ ದಿನ ಅವು ಪಟಾಕಿಯ ಸದ್ದಿಗೆ ತಲೆ ಎತ್ತುವುದೂ ಇಲ್ಲ. ಶಿವಮೊಗ್ಗದ ಕಡೆ ರೈತರೊಬ್ಬರು ನಾಯಿಗೆ ಹುಲಿಯ ಪಟ್ಟೆ ಬಳಿದದ್ದು 2019ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ನಕ್ಕವರೇ ಹೆಚ್ಚು, ಆದರೆ ಬೇರೆ ದಾರಿ ಹೇಳಿದವರಿಲ್ಲ.

ಒನಕೆ ಕಿಂಡಿ
ಹುಲಿಯ ಪಟ್ಟೆಯ ವಿಷಯ ಗೊತ್ತಿಲ್ಲ, ಚಿರತೆಯ ಚುಕ್ಕೆಗೆ ಹೆದರುತ್ತವೆ ಎನ್ನುವುದಕ್ಕೆ ಆಧಾರವಿದೆ ಅಣ್ಣ, ನಗಬೇಡಿ. ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ಎಂಬ ಸಂಶೋಧಕರ ತಂಡ ತಮಿಳುನಾಡಿನ ಮುದುಮಲೆ ಮತ್ತು ಕಳಕ್ಕಾಡು ಮುಂಡಂತುರೈ ಕಾಡುಗಳಲ್ಲಿ ಇದೇ ಬಾನೆಟ್ ಮಕಾಕ್‌ಗಳಿಗೆ ಪೊದೆಯ ಹಿಂದಿನಿಂದ ಚಿರತೆಯ ಮಾದರಿಯನ್ನು 25 ಮೀಟರ್ ದೂರದಲ್ಲಿ ಅರ್ಧ ಮಾತ್ರ ತೋರಿಸಿ ನೋಡಿತ್ತು. ಚುಕ್ಕೆಯಿರುವ ಚಿರತೆಯ ಮುಂಭಾಗ ಕಂಡಾಗ ಅವು ಬಹಳ ಬೇಗ ಓಡಿದವು. ಕಪ್ಪು ಚಿರತೆಯ ಹಿಂಭಾಗವನ್ನು ಲೆಕ್ಕಿಸಲೇ ಇಲ್ಲ.

ಬದುವಿನ ಮೇಲೆ (ಹೊಳಲ್ಕೆರೆ ತಾಲ್ಲೂಕು)
ಅಲ್ಲಾಡದ ಚಿರತೆಗೆ ಎಷ್ಟು ದಿನ ಹೆದರುತ್ತವೆ?

ಚಂದ್ರವಳ್ಳಿ (ಪ್ರಾಣಿಶಾಸ್ತ್ರ ಉಪನ್ಯಾಸಕಿ)
ಅದೇ ತೊಡಕು. ಆ ಪ್ರಯೋಗ ಕೇಳಿದ್ದು ಗುರುತಿಸುತ್ತವೆಯೇ ಎಂದು, ಕೊಯ್ಲಿನವರೆಗೆ ಹೆದರುತ್ತವೆಯೇ ಎಂದಲ್ಲ. ಅಪಾಯ ಬಾರದ ಯಾವ ಬೆದರುಬೊಂಬೆಗೂ ಮಂಗ ಒಗ್ಗಿಹೋಗುತ್ತದೆ. ದಿನವೂ ಜಾಗ ಬದಲಾಯಿಸಿ, ಬೆಳೆಗೆ ಅಪಾಯವಿರುವ ಕೆಲವೇ ವಾರ ಮಾತ್ರ ಇಟ್ಟು, ಜೊತೆಗೆ ಮನುಷ್ಯರು ಕಾದರೆ ಸ್ವಲ್ಪ ಹೆಚ್ಚು ದಿನ ನಡೆಯಬಹುದು. ಅದಕ್ಕಿಂತ ಹೆಚ್ಚಿನದನ್ನು ಭರವಸೆಯಾಗಿ ಹೇಳಲಾರೆ.

ಸೂಳೆಕೆರೆ ಏರಿ (ಚನ್ನಗಿರಿ)
ಹಿಡಿದು ಬೇರೆಡೆ ಬಿಡುವವರು ಮಂಗನ ಕಾಯಿಲೆಯನ್ನೂ ನೆನೆಯಬೇಕು. ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದದ್ದು ಅದು. ಮುಸುವ ಮತ್ತು ಕೋತಿ ಎರಡೂ ಅದರಿಂದ ಸಾಯುತ್ತವೆ. ಮಂಗನಿಂದ ಮನುಷ್ಯನಿಗೆ ನೇರವಾಗಿ ಬರುವ ರೋಗವಲ್ಲ ಅದು, ವೈರಸ್ಸು ಹೊತ್ತ ಉಣ್ಣೆ ಕಚ್ಚಿ ಬರುತ್ತದೆ. ಸತ್ತ ಮಂಗದ ಮೈಯಿಂದ ಉದುರಿದ ಉಣ್ಣೆಗಳು ಆ ಜಾಗವನ್ನೇ ಅಪಾಯದ ತಾಣ ಮಾಡುತ್ತವೆ. ಮಲೆನಾಡಿನ ಅಂಚಿಗೆ ಮಂಗಗಳನ್ನು ಲಾರಿಯಲ್ಲಿ ತಂದು ಸುರಿಯುವುದೆಂದರೆ ಆ ರೋಗವನ್ನು ಎಂದೂ ಕಾಣದ ಪ್ರಾಣಿಗಳನ್ನು ಅದರ ಬಾಯಿಗೇ ಹಾಕುವುದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

ಮಂಡಕ್ಕಿ ಮೆಣಸಿನಕಾಯಿ (ದಾವಣಗೆರೆ)
ಹಾಗಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಹಿಮಾಚಲದಲ್ಲಿ ಮಾಡುತ್ತಿದ್ದಾರಲ್ಲ.

ಹರಿಹರದ ಸೇತುವೆ
ಹಿಮಾಚಲ ಪ್ರದೇಶದಲ್ಲಿ 2007ರಿಂದ ಒಂದು ಲಕ್ಷಕ್ಕೂ ಹೆಚ್ಚು ಮಂಗಗಳಿಗೆ ಮಾಡಿದ್ದಾರೆ. ಆದರೆ ಅಲ್ಲಿರುವುದು ರೀಸಸ್. ಶಸ್ತ್ರಚಿಕಿತ್ಸೆಯಾದ ಮಂಗ ಮರಿ ಹಾಕುವುದಿಲ್ಲ, ಊಟವನ್ನಂತೂ ಬಿಡುವುದಿಲ್ಲ. ಇಪ್ಪತ್ತು ವರ್ಷದವರೆಗೂ ಬದುಕಬಲ್ಲ ಪ್ರಾಣಿಗೆ ಇಂದು ಶಸ್ತ್ರಚಿಕಿತ್ಸೆ ಮಾಡಿದರೆ ನಾಳೆ ನಿಮ್ಮ ತಾರಸಿ ಖಾಲಿಯಾಗುವುದಿಲ್ಲ.

ಮೇಲಾಗಿ ಬಾನೆಟ್ ಮಕಾಕ್ ಈಗ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಹುದಾದ ಜಾತಿಗಳ ವರ್ಗದಲ್ಲಿದೆ. ಉತ್ತರದ ಕಡೆಯಿಂದ ರೀಸಸ್ ಮಂಗಗಳು ಇವುಗಳ ನೆಲೆಯನ್ನು ಒತ್ತಿಕೊಂಡು ಬರುತ್ತಿವೆ.

ಬದುವಿನ ಮೇಲೆ (ಹೊಳಲ್ಕೆರೆ ತಾಲ್ಲೂಕು)
ಅಪಾಯದಲ್ಲಿರುವುದು ಮಂಗವೇ? ನಮ್ಮ ಹೊಲಕ್ಕೆ ಬಂದು ಎಣಿಸಿ, ಆಮೇಲೆ ಪಟ್ಟಿ ಮಾಡಿ.

ಚಂದ್ರವಳ್ಳಿ (ಪ್ರಾಣಿಶಾಸ್ತ್ರ ಉಪನ್ಯಾಸಕಿ)
ಅಣ್ಣ, ಎಣಿಸಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಅವರು ಮೈಸೂರಿನ ಸುತ್ತಲಿನ ರಸ್ತೆಗಳಲ್ಲಿ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಗಣತಿ ಮಾಡಿ, ರಸ್ತೆಬದಿಯ ಗುಂಪುಗಳು ತೀವ್ರವಾಗಿ ಕಡಿಮೆಯಾಗಿರುವುದನ್ನು ತೋರಿಸಿದ್ದಾರೆ. ಆಲ, ಗೋಣಿ, ಬಸರಿ ಮರಗಳ ಸಾಲು ಇದ್ದಲ್ಲೆಲ್ಲ ಮಂಗಗಳಿದ್ದವು, ರಸ್ತೆ ಅಗಲ ಮಾಡಲು ಮರ ಕಡಿದಲ್ಲಿ ಅವು ಇಲ್ಲವಾದವು. ದೇವಸ್ಥಾನ ಮತ್ತು ಪ್ರವಾಸಿ ತಾಣಗಳಂಥ ಕಡೆ ಕೆಲವು ಗುಂಪುಗಳು ಉಳಿದುಕೊಂಡಿವೆ. ನಿಮ್ಮ ಹೊಲದಲ್ಲಿ ಹೆಚ್ಚಾಗಿ ಕಾಣುವುದಕ್ಕೂ ಒಟ್ಟಿನಲ್ಲಿ ಕಡಿಮೆಯಾಗುವುದಕ್ಕೂ ವಿರೋಧವಿಲ್ಲ. ಹರಡಿಕೊಂಡಿದ್ದವು ಆಹಾರ ಇರುವ ಕೆಲವೇ ಜಾಗಗಳಲ್ಲಿ ಗುಂಪುಗೂಡಿವೆ.

ಆದರೆ ನಿಮ್ಮ ದೂರಿನಲ್ಲಿ ಒಂದು ಅಂಶ ನಿಜ. ನಮ್ಮ ಸಂಶೋಧನೆ ಬಂಡೀಪುರ, ಮುದುಮಲೆಗಳಲ್ಲಿ ನಡೆದಷ್ಟು ಬಯಲುಸೀಮೆಯ ಹೊಲಗಳಲ್ಲಿ ನಡೆದಿಲ್ಲ.

ಬುರುಜಿನ ಬೀದಿ (ಚಿತ್ರದುರ್ಗ)
ಈ ಚರ್ಚೆಯನ್ನು ಸಭೆಯಲ್ಲಿ ಓದಿ ಹೇಳಿದೆ. ಹಿಡಿಸುವ ಮಾತು ಸದ್ಯಕ್ಕೆ ನಿಂತಿದೆ. ಕೂಡಿಸಿದ ಹಣದಲ್ಲಿ ಮುಚ್ಚಳವಿರುವ ಕಸದ ಡಬ್ಬಿಗಳನ್ನೂ ಕಿಟಕಿಗಳಿಗೆ ಜಾಲರಿಯನ್ನೂ ತರುವುದೆಂದು ಆಯಿತು. ಕೋಟೆಯ ಬಾಗಿಲಿನಲ್ಲಿ ಕಡಲೆಕಾಯಿ, ಬಾಳೆಹಣ್ಣು ಮಾರುವವರ ಜೊತೆ ಮಾತನಾಡಲು ಇಬ್ಬರನ್ನು ಕಳುಹಿಸಿದ್ದೇವೆ. ಅವರದ್ದೂ ಹೊಟ್ಟೆಪಾಡು, ಅದು ಸುಲಭವಾಗಿ ಮುಗಿಯುವ ಮಾತಲ್ಲ. ಒಬ್ಬ ಹಿರಿಯರು ಮಾತ್ರ ಶನಿವಾರದ ಬಾಳೆಹಣ್ಣನ್ನು ನಿಲ್ಲಿಸುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿ ಎದ್ದುಹೋದರು.

ಮಂಡಕ್ಕಿ ಮೆಣಸಿನಕಾಯಿ (ದಾವಣಗೆರೆ)
ಆ ಹಿರಿಯರ ಪರವಾಗಿ ನನ್ನದೊಂದು ಮತ.

ಬದುವಿನ ಮೇಲೆ (ಹೊಳಲ್ಕೆರೆ ತಾಲ್ಲೂಕು)
ನಿಮ್ಮ ಡಬ್ಬಿಗೆ ಮುಚ್ಚಳ ಬಂದಿತು, ಸಂತೋಷ. ನನ್ನ ಹೊಲಕ್ಕೆ ಮುಚ್ಚಳವಿಲ್ಲ. ಮೇಡಂ, ಬಯಲುಸೀಮೆಯಲ್ಲಿ ಅಧ್ಯಯನ ಆಗಿಲ್ಲ ಎಂದಿರಲ್ಲ, ಈ ಮುಂಗಾರಿನಲ್ಲಿ ನಿಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಬನ್ನಿ.

ಚಂದ್ರವಳ್ಳಿ (ಪ್ರಾಣಿಶಾಸ್ತ್ರ ಉಪನ್ಯಾಸಕಿ)
ಖಂಡಿತ ಬರುತ್ತೇವೆ. ಯಾವ ಗುಂಪು, ಯಾವ ಹೊತ್ತಿಗೆ, ಯಾವ ಬದುವಿನಿಂದ ಇಳಿಯುತ್ತದೆ, ಎಷ್ಟು ತೆನೆ ಮುರಿದು ಎಷ್ಟನ್ನು ತಿನ್ನುತ್ತದೆ ಎಂಬುದನ್ನು ಬರೆದಿಟ್ಟರೆ ಅರಣ್ಯ ಇಲಾಖೆಯ ಮುಂದೆ ಇಡಲು ನಿಮಗೂ ಒಂದು ದಾಖಲೆಯಾಗುತ್ತದೆ. ಆಗಸ್ಟ್ ಕೊನೆಯಲ್ಲಿ ಬಂದರೆ ಸರಿಯೇ?

ಬದುವಿನ ಮೇಲೆ (ಹೊಳಲ್ಕೆರೆ ತಾಲ್ಲೂಕು)
ಆಗಸ್ಟ್ ಸರಿ. ಆದರೆ ಬೆಳಗ್ಗೆ ಆರಕ್ಕೆ ಬದುವಿನ ಮೇಲಿರಬೇಕು. ಕಾಲೇಜಿನ ಹೊತ್ತಿಗೆ ಬಂದರೆ ನಿಮಗೆ ಎಣಿಸಲು ದಂಟು ಮಾತ್ರ ಸಿಗುತ್ತದೆ.